ಅನುದಾನದ ಯೋಗವೂ ಮನೋರೋಗಿಯ ಕ್ಷೇಮವೂ

ನಾವೀನ್ಯವೆಂಬ ಮಾತು ಈಚೆಗೆ ಆಡಳಿತದ ಭಾಷೆಯಲ್ಲಿ ಬಹುಮಾನ್ಯವಾಗಿರುವುದು. ಜನಸಮುದಾಯದ ನಡುವೆ ನಡೆಯತಕ್ಕ ಮಾನಸಿಕ ಆರೋಗ್ಯಸೇವೆಗೆ ಸಾರ್ವಜನಿಕ ಧನದಿಂದ ಅನುದಾನ ಕೊಡುವಾಗ, ಯೋಜನೆಯಲ್ಲಿ ಹೊಸದೇನಿದೆ ಎಂಬ ಪ್ರಶ್ನೆಯು ಮೊದಲು ಬರುವುದುಂಟು. ಈ ಪ್ರಶ್ನೆ ಅಯುಕ್ತವೆಂದು ನಾವು ಹೇಳೆವು; ಅದೊಂದೇ ಪ್ರಶ್ನೆಯಾಗಿ ನಿಂತರೆ ರೋಗಿಗೆ ಅನರ್ಥವೆಂಬುದನ್ನು ತೋರಿಸುವುದೇ ಈ ವಿಮರ್ಶೆಯ ಉದ್ದೇಶ.

ಯೋಗಕ್ಷೇಮವೆಂಬ ಪದವನ್ನು ಕಾಗದಗಳಲ್ಲಿ ಕುಶಲಪ್ರಶ್ನೆಗಾಗಿ ಬರೆದು ಬರೆದು ನಾವು ಅದರ ಅರ್ಥವನ್ನೇ ಮರೆತಿರುವೆವು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ನಾವೀನ್ಯವು ಯೋಗಕ್ಕೆ ಸೇರಿದುದು. ಬಹುಕಾಲ ಔಷಧವನ್ನೂ ಆಸರೆಯನ್ನೂ ಬಯಸುವ ರೋಗಕ್ಕೆ ಕ್ಷೇಮವಿಲ್ಲದ ಯೋಗವು ಅರ್ಧ ಕಟ್ಟಿದ ಸೇತುವೆಯಂತೆ.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1975ರ ಸುಮಾರಿಗೆ ಸಮೀಪದ ಸಕಲವಾರದಲ್ಲಿ ಹಳ್ಳಿಗರಿಗಾಗಿ ಚಿಕಿತ್ಸಾಕೇಂದ್ರವನ್ನು ತೆರೆಯಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಹುಟ್ಟಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವನ್ನಿತ್ತು, ಕೆಲವೇ ಔಷಧಗಳಿಂದ ಊರಿನ ಬಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಇದು ನಿಜವಾದ ನಾವೀನ್ಯ. ಇದನ್ನು ಮಾದರಿಯಾಗಿ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ 4 ಜಿಲ್ಲೆಗಳಲ್ಲಿ ಆರಂಭವಾಗಿ, ಒಂಬತ್ತನೆಯ ಪಂಚವಾರ್ಷಿಕ ಯೋಜನೆಯ ಕೊನೆಗೆ 27ಕ್ಕೆ ಹಬ್ಬಿತು.

ಆದರೆ ಅಂದಿನ ಏರ್ಪಾಟಿನಲ್ಲಿ ಕೇಂದ್ರದ ಧನವು 5 ವರ್ಷಗಳಿಗೆ ಮಾತ್ರ. ಬಳಿಕ ರಾಜ್ಯಗಳು ಭಾರವನ್ನು ಹೊರತಕ್ಕದ್ದೆಂದಿತ್ತು. ಹಲವೆಡೆ ಅದು ಸಕಾಲದಲ್ಲಿ ನಡೆಯಲಿಲ್ಲ. ಆರಂಭಿಸಿದ ಸೇವೆ ಕುಂಠಿತವಾಯಿತು. ಆರನೆಯ ವರ್ಷದ ಚಿಂತೆಯನ್ನು ಮೊದಲನೆಯ ವರ್ಷದಲ್ಲಿ ಮಾಡದಿದ್ದುದೇ ದೋಷ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು, ರೋಗಭೇದಕ್ಕನುಸಾರವಾಗಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆಯದಿರುವುದನ್ನು ಕಂಡಿತು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ರೋಗಿಯ ಗುಣಗಳಲ್ಲಿ ಸ್ಮೃತಿಯೂ, ತನ್ನ ವ್ಯಾಧಿಯನ್ನು ತಿಳಿಯಹೇಳುವ ಶಕ್ತಿಯೂ ಸೇರಿರುವುವು. ಅದೇ ಗ್ರಂಥವು ಉನ್ಮಾದವನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೆಂದು ನಿರೂಪಿಸುವುದು. ಈ ಎರಡನ್ನೂ ಕೂಡಿಸಿ ನೋಡಿದರೆ, ಮನೋರೋಗದಲ್ಲಿ ರೋಗಿಯೆಂಬ ಪಾದವು ಸ್ವಭಾವತಃ ದುರ್ಬಲವೆಂದು ಸಿದ್ಧವಾಗುವುದು. ಆದುದರಿಂದ ಪರಿಚಾರಕನೆಂಬ ಪಾದವು ಉಳಿದ ರೋಗಗಳಿಗಿಂತ ಇಲ್ಲಿ ದೃಢವಾಗಿರಬೇಕು. ಅನುದಾನದ ಅವಧಿಗೆ ಮಾತ್ರ ನೇಮಕವಾಗುವ ಕಾರ್ಯಕರ್ತನಿಂದ ಈ ದಾರ್ಢ್ಯವು ಹೇಗೆ ಬರಬೇಕು?

ನಾವಿರುವ ಕಕ್ಕಬೆಯನ್ನು ನೋಡೋಣ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಾಫಿ, ಏಲಕ್ಕಿಯ ತೋಟಗಳ ನಡುವೆ ಮನೆಗಳು ದೂರದೂರವಾಗಿ ಚದರಿರುವುವು. ಮಳೆಗಾಲದಲ್ಲಿ ಮಡಿಕೇರಿಗೆ ಹೋಗಿಬರುವುದೆಂದರೆ ಕೂಲಿಯವನಿಗೆ ಒಂದು ದಿನದ ಸಂಪಾದನೆ ಹೋದಂತೆಯೇ. ಕೊಡವತಕ್ಕು, ಕನ್ನಡ, ಮಲಯಾಳ ಮೊದಲಾದ ಮಾತುಗಳು ಇಲ್ಲಿ ಒಂದೇ ಸಂತೆಯಲ್ಲಿ ಕೇಳಬರುವುವು. ರೋಗಿಯ ಮಾತನ್ನರಿಯದ ಪರಿಚಾರಕನು ಅವನ ದುಃಖವನ್ನೂ ಅರಿಯಲಾರನು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಜನರು ಮನೆಮಠಗಳನ್ನು ಕಳೆದುಕೊಂಡರು. ಆಶ್ರಯಶಿಬಿರಗಳು ಮುಚ್ಚಿದೊಡನೆ ಅಂತಹ ಶೋಕವು ಮುಗಿಯುವುದೆಂದು ಯಾರು ಹೇಳಬಲ್ಲರು?

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬಳು ಮಗನ ಜಾತಕವನ್ನು ಹಿಡಿದು ನಮ್ಮಲ್ಲಿಗೆ ಬಂದಳು. ತಿಂಗಳಿಗೊಮ್ಮೆ ನಡೆಯುತ್ತಿದ್ದ ಶಿಬಿರವೊಂದರ ಔಷಧದಿಂದ ಹುಡುಗನು ತೋಟದ ಕೆಲಸಕ್ಕೆ ಹೋಗುವಷ್ಟು ಸುಧಾರಿಸಿದ್ದನಂತೆ. ಹಣದ ಅವಧಿ ತೀರಿ ಶಿಬಿರವು ನಿಂತಿತು, ನಿದ್ರೆಯೂ ಹೋಯಿತು. ಗ್ರಹದೋಷವೇ ಎಂದು ಅವಳ ಪ್ರಶ್ನೆ. ಇಗ್ಗುತಪ್ಪನಿಗೆ ಹರಕೆಯನ್ನು ಸಲ್ಲಿಸಮ್ಮಾ, ಔಷಧವನ್ನು ಮಾತ್ರ ಬಿಡಿಸಬೇಡ ಎಂದು ಹೇಳಿ ಸರ್ಕಾರಿ ಆಸ್ಪತ್ರೆಗೆ ಕಳುಹಿದೆವು. ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂಬ ಮೂರು ಚಿಕಿತ್ಸೆಗಳನ್ನೂ ಚರಕನು ಜೊತೆಯಾಗಿ ಹೇಳಿರುವನು. ದೋಷವು ಗ್ರಹದಲ್ಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು.

ಇಲ್ಲಿ ಪೂರ್ವಪಕ್ಷವೊಂದುಂಟು: ಇರುವುದನ್ನು ಕಾಪಾಡುವುದಕ್ಕೇ ಧನವೆಲ್ಲ ಹೋದರೆ ಹೊಸದು ಹುಟ್ಟುವುದೆಂತು? ನ್ಯಾಯವಾದ ಆಕ್ಷೇಪಣೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದವರಿಗೆ ಸಾಂತ್ವನವೂ ಸಲಹೆಯೂ ದೊರಕುವುವು. ಇಂತಹ ಹೊಸದು ಬೇಕೇ ಬೇಕು. ಆದರೆ ಆ ಧ್ವನಿಯು ಆಸ್ಪತ್ರೆಗೆ ಹೋಗೆಂದಾಗ ಅಲ್ಲಿ ವೈದ್ಯನೂ ಔಷಧವೂ ಇರಬೇಕಷ್ಟೆ. ಕರ್ನಾಟಕದಲ್ಲಿ 2014ರಲ್ಲಿ ಮೊದಲಾದ ಮನೋಚೈತನ್ಯ ಕಾರ್ಯಕ್ರಮವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಕ್ಕೆ ಮನೋವೈದ್ಯರನ್ನು ಗೊತ್ತುಮಾಡಿತು. ವಾರ ತಪ್ಪದೆ ಬರುವುದರಲ್ಲಿ ಬೆರಗೇನಿಲ್ಲ. ರೋಗಿಗೆ ಅದಕ್ಕಿಂತ ಹೆಚ್ಚಿನ ಉಪಕಾರವೂ ಇಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದಿರುವುದು. ಹಕ್ಕಿಗೆ ಅನುದಾನದ ಅವಧಿಯು ಎಲ್ಲೆಯಾಗಲಾರದು.

ಆದುದರಿಂದ ಅನುದಾನವನ್ನು ಕೊಡುವವರು ಹೊಸದೇನೆಂದು ಕೇಳುವುದರ ಜೊತೆಗೆ ಇನ್ನು ಮೂರನ್ನು ಕೇಳಬೇಕೆಂದು ನಮ್ಮ ಮತ: ಅವಧಿ ತೀರಿದ ಮೇಲೆ ವೇತನವನ್ನು ಕೊಡುವವರು ಯಾರು? ಔಷಧವು ಯಾವ ಉಗ್ರಾಣದಿಂದ ಬರುವುದು? ಪರಿಚಾರಕನು ಆ ಊರಿನ ಮಾತನ್ನು ಬಲ್ಲನೇ? ಇವಕ್ಕೆ ಉತ್ತರವಿಲ್ಲದ ಯೋಜನೆಯು ಎಷ್ಟೇ ಹೊಸದಾಗಿರಲಿ, ರೋಗಿಯನ್ನು ನಡುದಾರಿಯಲ್ಲಿ ಬಿಡುವುದು. ಹೋಗುವಾಗ ಆ ತಾಯಿ ಬಾಗಿಲಲ್ಲಿ ನಿಂತು, ಅಲ್ಲಿಯವರಾದರೂ ಮುಂದಿನ ತಿಂಗಳು ಇರುವರೇ ಎಂದು ಕೇಳಿದಳು. ಅನುದಾನದ ವಿಚಾರದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಾವು ಕೇಳಿಲ್ಲ.