ಉಳಿತಾಯ ಖಾತೆಯಾದ ರಜೆ

ಕೇಂದ್ರ ಸರಕಾರಿ ನೌಕರರ ರಜಾ ನಿಯಮಾವಳಿ ಜಾರಿಗೆ ಬಂದದ್ದು 1972ರ ಜೂನ್ 1ರಂದು. ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಕಛೇರಿ ಜೀವನವೆಲ್ಲ ಈ ಪುಸ್ತಕದ ಆಸರೆಯಲ್ಲೇ ಸಾಗುತ್ತದೆ. ಆದರೂ ಇದನ್ನು ವಿಮರ್ಶೆಯ ಕಣ್ಣಿನಿಂದ ಓದಿದವರು ಕಡಿಮೆ.

ಗುಣಗಳನ್ನು ಮೊದಲು ಹೇಳಬೇಕು. ಲೆಕ್ಕ ಅಚ್ಚುಕಟ್ಟಾಗಿದೆ. ಗಳಿಕೆ ರಜೆ ವರ್ಷಕ್ಕೆ 30 ದಿನ; ಜನವರಿ 1ರಂದು 15, ಜುಲೈ 1ರಂದು 15 ದಿನ ಮುಂಗಡವಾಗಿಯೇ ಖಾತೆಗೆ ಜಮೆಯಾಗುತ್ತದೆ. ಅರ್ಧ ವೇತನ ರಜೆ ಇದೇ ರೀತಿ ಹತ್ತು ಹತ್ತು ದಿನ. ನೌಕರ ಕೇಳಿದ ಬಗೆಯ ರಜೆಯನ್ನು ಅವನ ಲಿಖಿತ ಕೋರಿಕೆಯಿಲ್ಲದೆ ಅಧಿಕಾರಿ ಬೇರೆ ಬಗೆಗೆ ಬದಲಾಯಿಸುವಂತಿಲ್ಲ ಎಂಬುದೂ ನ್ಯಾಯವಾದ ಮಾತೇ.

ದೋಷ ಇರುವುದು ಪುಸ್ತಕದ ಧೋರಣೆಯಲ್ಲಿ. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದು 7ನೆಯ ನಿಯಮ ಆರಂಭದಲ್ಲೇ ಸಾರುತ್ತದೆ. ದುಡಿದು ಗಳಿಸಿದ್ದು ಹಕ್ಕಲ್ಲದಿದ್ದರೆ ಮತ್ತೇನು? ಇದಕ್ಕೆ ನಿಯಮಾವಳಿ ಕೊಡುವ ಸಮಾಧಾನ ಹಣ. ಕೂಡಿಡಬಹುದಾದ ಮಿತಿ 1997ರಲ್ಲಿ 240ರಿಂದ 300 ದಿನಕ್ಕೆ ಏರಿತು. ನಿವೃತ್ತಿಯ ದಿನ ಅಷ್ಟೂ ಉಳಿದಿದ್ದರೆ ತುಟ್ಟಿಭತ್ಯೆ ಸಹಿತ ಹತ್ತು ತಿಂಗಳ ಸಂಬಳ ಕೈಗೆ ಬರುತ್ತದೆ. ಹೀಗಿರುವಾಗ ಗುಮಾಸ್ತ ರಜೆ ಹಾಕುವುದೆಂದರೆ ತನ್ನ ಗಂಟನ್ನೇ ಬಿಚ್ಚಿದಂತೆ.

ಇದಕ್ಕೆ ನಾನೂ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ತಾಯಿ ಹಾಸಿಗೆ ಹಿಡಿದಾಗ ನನ್ನ ಖಾತೆಯಲ್ಲಿ 190 ದಿನಗಳಿದ್ದವು. ನಾನು ಅರ್ಜಿ ಹಾಕಿದ್ದು ಎಂಟು ದಿನಕ್ಕೆ. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಹೋಗಿ ಬರುವುದರಲ್ಲೇ ಅರ್ಧ ಕಳೆಯಿತು. ಹೆಚ್ಚು ಕೇಳಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ನಾನೇ ಕೇಳಲಿಲ್ಲ. ಎರಡು ತಿಂಗಳಲ್ಲಿ ತಾಯಿ ಹೋದರು.

ಬಡ ನೌಕರನಿಗೆ ಆ ಹಣವೇ ಮಗಳ ಮದುವೆ, ಅದೇ ಮನೆಯ ಮಾಡು ಎಂದು ಕೆಲವರು ಹೇಳುತ್ತಾರೆ. ನಿಜ, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಿ. ಖಾತೆ 285 ದಿನ ದಾಟಿದವನಿಗೆ ಹೊಸ 15 ದಿನಗಳನ್ನು ಬೇರೆಯಾಗಿಟ್ಟು, ಆ ಅರ್ಧವರ್ಷದ ರಜೆಗೆ ಮೊದಲು ಅದನ್ನೇ ಹೊಂದಿಸುತ್ತಾರೆ; 300 ಮೀರಿ ಉಳಿದದ್ದು ಹೋದಂತೆಯೇ. ಎಂದರೆ, ವಿಶ್ರಮಿಸಿಕೋ ಎಂದು ನಿಯಮ ಒತ್ತಾಯಿಸುವುದು ಖಾತೆ ತುಂಬಿದವನನ್ನು ಮಾತ್ರ. ಅಷ್ಟು ಹೊತ್ತಿಗೆ ಮಕ್ಕಳು ಬೆಳೆದಿರುತ್ತಾರೆ, ಹಿರಿಯರು ಇರುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೆಯ ಒಡಂಬಡಿಕೆ ಬೇರೆ ದಾರಿ ತೋರಿಸಿದೆ. ವರ್ಷಕ್ಕೆ ಕನಿಷ್ಠ ಮೂರು ವಾರದ ಸಂಬಳಸಹಿತ ರಜೆ. ಅದನ್ನು ಹಣಕ್ಕಾಗಿ ಬಿಟ್ಟುಕೊಡುವ ಒಪ್ಪಂದ ಸಲ್ಲದು. ಭಾರತ ಇದನ್ನು ಅನುಮೋದಿಸಿಲ್ಲ. ಮೂರು ವಾರ ಬೇಡ, 30ರಲ್ಲಿ ಹತ್ತು ದಿನವನ್ನಾದರೂ ಕೂಡಿಡಲಾಗದ, ನಿರಾಕರಿಸಲಾಗದ ರಜೆಯಾಗಿ ಬೇರ್ಪಡಿಸಿದರೆ ಸಾಕು. ಉಳಿದ ಇಪ್ಪತ್ತನ್ನು ಬೇಕಾದವರು ಕೂಡಿಡಲಿ.

ನಿಯಮ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಅರ್ಜಿ ಬರೆಯುವುದು ಇದೆ. ಊರಿನಲ್ಲಿ ಹಿರಿಯರಿರುವ ಸದಸ್ಯರು ಮುಂದಿನ ಜಮೆಯಲ್ಲಿ ಹತ್ತು ದಿನವನ್ನಾದರೂ ಅವರ ಹೆಸರಿಗೆ ಖರ್ಚು ಬರೆಯಲಿ ಎಂದು ನನ್ನ ವಿನಂತಿ.