ಸುರಥನ ಸೈನ್ಯ ಸೋತದ್ದು ಯಾಕೆ?

ಪೊಳಲಿಯ ಜಾತ್ರೆಗೆ ಹೋದವರು ಮೂರು ಸಂಗತಿ ಮಾತಾಡುತ್ತಾ ವಾಪಸು ಬರುತ್ತಾರೆ: ಬಚ್ಚಂಗಾಯಿಯ ರೇಟು, ಮಣ್ಣಿನ ದೇವಿಯ ಎತ್ತರ, ಮತ್ತು ಚೆಂಡು. ತಿಂಗಳಿಡೀ ನಡೆಯುವ ಜಾತ್ರೆಯಲ್ಲಿ ಐದು ದಿನ ಚೆಂಡಿನ ಗದ್ದೆಗೆ ನೂರಾರು ಗಂಡಸರು ಇಳಿಯುತ್ತಾರೆ. ಭುಜಕ್ಕೆ ಭುಜ ಕೊಟ್ಟು ತಳ್ಳುತ್ತಾರೆ, ಬೀಳುತ್ತಾರೆ, ಏಳುತ್ತಾರೆ. ಇದು ಯುದ್ಧದ ಆಟ, ಕೆಟ್ಟದ್ದರ ಮೇಲೆ ಒಳ್ಳೆಯದರ ಗೆಲುವು ಎಂದು ಬಲ್ಲವರು ವಿವರಿಸುತ್ತಾರೆ. ಇರಲಿ. ಆ ಚರ್ಮದ ಚೆಂಡನ್ನು ಹೊಲಿಯುವುದು ಮೂಡುಬಿದಿರೆಯ ಚಮ್ಮಾರರ ಕುಟುಂಬ, ಅದರ ಖರ್ಚು ಮಿಜಾರಿನ ಗಾಣದ ಮನೆಯದು. ಯುದ್ಧದ ಆಟಕ್ಕೂ ಮೊದಲು ಯಾರೋ ಕೂತು ಹೊಲಿಯಬೇಕು ಎಂಬುದನ್ನು ವಿವರಿಸುವವರು ಮಾತ್ರ ಕಡಿಮೆ.

ಈ ದೇವಸ್ಥಾನವನ್ನು ಕಟ್ಟಿಸಿದವನು ಸುರಥ ರಾಜ ಎಂದು ಸ್ಥಳಪುರಾಣ ಹೇಳುತ್ತದೆ. ಸುರಥನ ಕಥೆ ಇರುವುದು ಮಾರ್ಕಂಡೇಯ ಪುರಾಣದ ದೇವೀಮಹಾತ್ಮ್ಯೆಯಲ್ಲಿ. ನವರಾತ್ರಿಗೆ ಏಳುನೂರು ಶ್ಲೋಕ ಪಾರಾಯಣ ಮಾಡುವವರು ಉಂಟು, ಪ್ರವಚನ ಮಾಡುವವರೂ ಉಂಟು. ಆದರೆ ಎಲ್ಲರೂ ಮೊದಲ ಅಧ್ಯಾಯವನ್ನು ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ ನೋಡಿ ಮಹಿಷನ ವಧೆಗೆ ಹಾರುತ್ತಾರೆ. ನಮಗೆ ಬೇಕಾದದ್ದು ಆ ಮೊದಲ ಅಧ್ಯಾಯವೇ. ಯಾಕೆಂದರೆ ಅಲ್ಲಿ ಒಂದು ಬಲಾಢ್ಯ ಸೈನ್ಯ ಸೋಲುತ್ತದೆ.

ಸುರಥ ಭೂಮಂಡಲಕ್ಕೆಲ್ಲ ರಾಜ. ಪ್ರಜೆಗಳನ್ನು ಮಕ್ಕಳಂತೆ ಕಾಣುತ್ತಿದ್ದನಂತೆ. ಅವನ ದಂಡು ಅತಿ ಪ್ರಬಲವಾದದ್ದು ಎಂದು ಪುರಾಣಕಾರ ಸ್ಪಷ್ಟವಾಗಿ ಹೇಳುತ್ತಾನೆ. ಆಮೇಲೆ ಅದೇ ಉಸಿರಿನಲ್ಲಿ, ಸಂಖ್ಯೆಯಲ್ಲಿ ತನಗಿಂತ ಕಡಿಮೆ ಇದ್ದ ಶತ್ರುಗಳಿಗೆ ಅವನು ಸೋತ ಎನ್ನುತ್ತಾನೆ! ಆ ಶತ್ರುಗಳಿಗೆ ಕೋಲಾವಿಧ್ವಂಸಿಗಳು ಎಂದು ಹೆಸರು. ಕೋಲಾ ಎಂಬ ಊರನ್ನು ನಾಶ ಮಾಡಿದವರು ಎಂದು ಕೆಲವರು ಅರ್ಥ ಹೇಳುತ್ತಾರೆ, ಹಂದಿ ಕೊಲ್ಲುವವರು ಎಂದು ಇನ್ನು ಕೆಲವರು. ಎರಡನೆಯ ಅರ್ಥ ಕೇಳಿದ ಕೂಡಲೇ ನಮ್ಮ ಕಿವಿ ನಿಮಿರುವುದು ಸಹಜ. ಆದರೆ ಒಂದು ಶಬ್ದ ಹಿಡಿದು ಇತಿಹಾಸ ಕಟ್ಟುವ ಚಾಳಿ ಮೇಲಿನವರದು, ಅದನ್ನು ಅವರಿಗೇ ಬಿಡೋಣ.

ಕಡಿಮೆ ಜನ ಹೆಚ್ಚು ಜನರನ್ನು ಹೇಗೆ ಗೆದ್ದರು? ಪುರಾಣ ಉತ್ತರ ಕೊಡುವುದಿಲ್ಲ. ಆದರೆ ಮುಂದಿನ ಶ್ಲೋಕಗಳಲ್ಲಿ ತನಗೇ ಗೊತ್ತಿಲ್ಲದೆ ಸಾಕ್ಷಿ ನುಡಿಯುತ್ತದೆ. ಸೋತ ರಾಜ ಊರಿಗೆ ಬರುತ್ತಾನೆ. ಅವನ ಮಂತ್ರಿಗಳೇ ಬೊಕ್ಕಸವನ್ನೂ ಸೈನ್ಯವನ್ನೂ ಕಸಿದುಕೊಳ್ಳುತ್ತಾರೆ. ಬೇಟೆಯ ನೆಪ ಹೇಳಿ ಒಬ್ಬನೇ ಕುದುರೆ ಹತ್ತಿ ಕಾಡಿಗೆ ಹೋಗುತ್ತಾನೆ. ಅಲ್ಲಿ ಮೇಧಸ ಋಷಿಯ ಆಶ್ರಮದಲ್ಲಿ ಕೂತು ಚಿಂತೆ ಮಾಡುತ್ತಾನೆ. ಏನು ಚಿಂತೆ? ನನ್ನ ಪಟ್ಟಣ ಏನಾಯಿತೋ. ಸದಾ ಮದವೇರಿದ್ದ ನನ್ನ ಆನೆ ವೈರಿಗಳ ಕೈಯಲ್ಲಿ ಸುಖವಾಗಿ ಉಂಟೋ ಇಲ್ಲವೋ. ಕಷ್ಟಪಟ್ಟು ಕೂಡಿಸಿದ ಬೊಕ್ಕಸವನ್ನು ದುಂದುಗಾರರು ಕರಗಿಸುತ್ತಾರಲ್ಲ. ನನ್ನ ಕೃಪೆ, ಹಣ, ಊಟಕ್ಕಾಗಿ ಹಿಂದೆ ಬರುತ್ತಿದ್ದವರು ಈಗ ಬೇರೆ ರಾಜರ ಹಿಂದೆ ಹೋಗಿರಬೇಕು.

ಯುದ್ಧದಲ್ಲಿ ಸತ್ತವನ ನೆನಪು ಇಲ್ಲಿ ಎಲ್ಲುಂಟು? ಆನೆಯ ನೆನಪುಂಟು, ಕಾಸಿನ ನೆನಪುಂಟು. ಗಾಯವಾಗಿ ಬಿದ್ದ ಕಾಲಾಳಿನ ಹೆಂಡತಿ ಮಕ್ಕಳ ಬಗ್ಗೆ ಒಂದು ಶಬ್ದ ಇಲ್ಲ. ನಮ್ಮ ಪ್ರಕಾರ ಅತಿ ಪ್ರಬಲ ದಂಡು ಯಾಕೆ ಸೋತಿತು ಎಂಬುದಕ್ಕೆ ಈ ಮೌನವೇ ಉತ್ತರ. ಊಟಕ್ಕಾಗಿ ಬಂದವರು ಊಟ ಇದ್ದಲ್ಲಿಗೆ ಹೋದರು. ಅದನ್ನು ರಾಜ ದ್ರೋಹ ಎನ್ನುತ್ತಾನೆ. ನಾವು ಲೆಕ್ಕ ಎನ್ನುತ್ತೇವೆ. ಕಡೆಗೆ ಸುರಥನಿಗೆ ರಾಜ್ಯ ಮರಳಿ ಸಿಗುವುದು ದೇವಿಯ ವರದಿಂದ. ದಂಡಿನವರ ಬಾಳು ಸುಧಾರಿಸಿ ಅಲ್ಲ.

ಊಟ ಎಂದಮೇಲೆ ದೂರ ಹೋಗುವುದು ಬೇಡ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಇದ್ದದ್ದು ಕರ್ನಲ್ ಕ್ಯಾಂಪ್‌ಬೆಲ್ಲನ ಕಂಪನಿ ಪಡೆ, ಕವಾಯತು ಕಲಿತ ಗಟ್ಟಿ ಪಡೆ. ತಿಂಗಳುಗಟ್ಟಲೆ ತಡೆದು ನಿಂತಿತು. 1784ರ ಜನವರಿ ಕೊನೆಗೆ ಶರಣಾದದ್ದು ಫಿರಂಗಿಗಿಂತ ಹೆಚ್ಚಾಗಿ ಹಸಿವಿಗೆ, ರೋಗಕ್ಕೆ.

ಇನ್ನು ಮೈಯ ಮಾತು. ಸೈನಿಕ ಎಂದರೆ ಅಗಲ ಎದೆ, ಎತ್ತರದ ನಿಲುವು ಎಂದು ನಾವೂ ಶಾಲೆಯಲ್ಲಿ ಕಲಿತವರೇ. ಆದರೆ ತುಳುನಾಡಿನಲ್ಲಿ ಬಲವಾದ ಮೈ ಯಾರದು ಎಂದು ಕೇಳಿದರೆ ಪಾಡ್ದನ ಕೊರಗ ತನಿಯನನ್ನು ತೋರಿಸುತ್ತದೆ. ಏಳು ಜನ ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನದ ತನಕ ತಂದವನು. ಹೊರೆ ಒಳಗೆ ಹೋಯಿತು, ಹೊತ್ತವನು ಹೊರಗೆ ನಿಂತ. ಇವತ್ತು ಕೊರಗಜ್ಜ ಎಂದು ಎಲ್ಲ ಜಾತಿಯವರೂ ಕೈ ಮುಗಿಯುತ್ತಾರೆ, ಸಂತೋಷ. ಆದರೆ ಅವನ ಕುಲದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಒಂದು ಕಾನೂನೇ ಬೇಕಾಯಿತು. ಏಳಾಳಿನ ಬಲ ಇದ್ದವನನ್ನು ಯಾವ ಬಲ್ಲಾಳನೂ ದಂಡಿಗೆ ಸೇರಿಸಿ ನಾಯಕ ಮಾಡಿದ ಕಥೆ ನಾವು ಕೇಳಿಲ್ಲ. ಹಾಗಾದರೆ ಮೈಕಟ್ಟು ಸಾಕಾಗುವುದಿಲ್ಲ ಮಾರಾಯ್ರೆ! ಮೈ ಯಾವ ಜಾತಿಯಲ್ಲಿ ಹುಟ್ಟಿತು ಎಂಬುದನ್ನೂ ಅಳೆಯುತ್ತಾರೆ.

ಬಿಳಿಯರೂ ಅಳೆದರು. 1885ರಿಂದ 1893ರ ತನಕ ಭಾರತದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್, ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಿಲ್ಲ, ಉತ್ತರದ ಕೆಲವು ಕುಲಗಳೇ ವೀರ ಕುಲಗಳು ಎಂದು ಸಾರಿದ. ಮದರಾಸು ಸೈನ್ಯದಲ್ಲಿ ಪರೆಯರು, ಬೊಂಬಾಯಿ ಸೈನ್ಯದಲ್ಲಿ ಮಹಾರರು ತಲೆಮಾರುಗಳಿಂದ ದುಡಿದಿದ್ದರು. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಸಾವಿರಕ್ಕೂ ಕಡಿಮೆ ಇದ್ದ ಕಂಪನಿ ತುಕಡಿ, ರಾತ್ರಿಯಿಡೀ ನಡೆದು ಬಂದು, ಹಗಲಿಡೀ ಅನ್ನ ನೀರಿಲ್ಲದೆ, ಪೇಶ್ವೆಯ ದೊಡ್ಡ ದಂಡನ್ನು ತಡೆದು ನಿಂತಿತು. ಅಲ್ಲಿನ ಕಂಬದಲ್ಲಿ ಮಹಾರರ 22 ಹೆಸರುಗಳಿವೆ. ಇಷ್ಟಾಗಿಯೂ 1892ರಲ್ಲಿ ಮಹಾರರ ಭರ್ತಿ ನಿಲ್ಲಿಸಿದರು. ಬಾಬಾಸಾಹೇಬರ ತಂದೆ ರಾಮ್‌ಜಿ ಅದೇ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಆ ಮನೆಗೆ ಅಕ್ಷರ ಬಂದದ್ದು ದಂಡಿನ ಶಾಲೆಯಿಂದ. ಭರ್ತಿ ನಿಂತಿತು ಅಂದರೆ ಬಂದೂಕು ಹೋಯಿತು ಅಂತ ಮಾತ್ರ ಅಲ್ಲ. ಸಂಬಳ, ಪಿಂಚಣಿ, ಸ್ಲೇಟು, ಬಳಪ ಎಲ್ಲ ಹೋಯಿತು. ಮೊದಲನೇ ಮಹಾಯುದ್ಧಕ್ಕೆ ಆಳು ಸಾಲದೇ ಹೋದಾಗ 1917ರಲ್ಲಿ ಮತ್ತೆ ಕರೆದರು, ಕೆಲಸ ಮುಗಿದ ಮೇಲೆ 1921ರಲ್ಲಿ ಮನೆಗೆ ಕಳಿಸಿದರು. ಮಹಾರ್ ರೆಜಿಮೆಂಟಿನ ಮೊದಲ ಪಡೆ ಎದ್ದು ನಿಂತದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಈ ಐವತ್ತು ವರ್ಷಗಳಲ್ಲಿ ಮಹಾರರ ತೋಳು ಸಣ್ಣದಾಗಿ ಮತ್ತೆ ದಪ್ಪ ಆಯಿತೇ? ಬದಲಾದದ್ದು ಅಳೆಯುವವನ ಗರಜು.

ಕೋರೆಗಾಂವವನ್ನು ನಾವು ಕುರುಡಾಗಿ ಹೊಗಳುವುದಿಲ್ಲ. ಅವರು ಹೋರಾಡಿದ್ದು ಕಂಪನಿಯ ಸಂಬಳಕ್ಕೆ, ಕಂಪನಿಯ ಬಾವುಟದ ಕೆಳಗೆ. ಆದರೆ ಬೀದಿಯಲ್ಲಿ ತಲೆ ಎತ್ತಿ ನಡೆಯಲು ಬಿಡದ ರಾಜ್ಯದ ಎದುರು ಸಾಲಾಗಿ ನಿಂತವನ ಕಾಲಿಗೆ ಎಲ್ಲಿಂದ ಬಲ ಬಂತು ಎಂದು ಕೇಳದೆ ಹೋದರೆ ವಿಮರ್ಶೆ ಅರ್ಧಕ್ಕೆ ನಿಲ್ಲುತ್ತದೆ.

ಇವತ್ತಿನ ಅಳತೆ ನೋಡಿ. ಭೂಸೈನ್ಯದ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ, ಕಂಬಿ ಹಿಡಿದು ಮೈ ಎತ್ತುವುದು, 9 ಅಡಿ ಹೊಂಡ ಹಾರುವುದು, ಮೊದಲೇ ಎತ್ತರ, ಎದೆ. 2022ರ ಅಗ್ನಿಪಥ ಯೋಜನೆಯ ಪ್ರಕಾರ ನಾಲ್ಕು ವರ್ಷದ ನಂತರ ನೂರಕ್ಕೆ 25 ಜನರನ್ನಷ್ಟೇ ಉಳಿಸಿಕೊಳ್ಳುವುದು, ಉಳಿದವರು ಪಿಂಚಣಿ ಇಲ್ಲದೆ ಮನೆಗೆ. ರಾಷ್ಟ್ರಪತಿಗಳ ಅಂಗರಕ್ಷಕ ಪಡೆಗೆ ಜಾಟ, ರಜಪೂತ, ಸಿಖ್ಖರನ್ನು ಮಾತ್ರ ಸೇರಿಸುತ್ತಾರೆ ಎಂದು 2018ರಲ್ಲಿ ದೆಹಲಿ ಹೈಕೋರ್ಟಿಗೆ ದೂರು ಹೋಗಿತ್ತು. ರಾಬರ್ಟ್ಸ್ ಸತ್ತು ನೂರು ವರ್ಷ ದಾಟಿದೆ.

ಎತ್ತರ ಅಳೆಯುವವರಿಗೆ ನಾವು ಇನ್ನೊಂದು ಅಂಕಿ ಕೊಡುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹದಿನೆಂಟಕ್ಕೆ ಭರ್ತಿಯ ಮೈದಾನದಲ್ಲಿ ಹೊರಗೆ ಕಳಿಸುವ ಹುಡುಗನನ್ನು ಹಸಿವು ಎರಡನೆಯ ವಯಸ್ಸಿಗೇ ಹೊರಗೆ ಕಳಿಸಿರುತ್ತದೆ. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಸರಕಾರ ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತು ಬೇಡ ಎಂದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದು ಎದುರು ಮಾತಾಡಿದ್ದನ್ನು ರಾಜ್ಯವೆಲ್ಲ ಕೇಳಿತು. ವೇದಿಕೆಯಲ್ಲಿ ಯೋಧನಿಗೆ ಜೈ ಎನ್ನುವ ಬಾಯಿ, ಮಗುವಿನ ತಟ್ಟೆಯ ಮೊಟ್ಟೆಗೆ ಬೇಡ ಎನ್ನುವ ಬಾಯಿ ಎರಡೂ ಒಂದೇ ಆಗಿದ್ದರೆ ಆ ಜೈಕಾರಕ್ಕೆ ಏನು ಬೆಲೆ ಕೊಡೋಣ?

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಯಲ್ಲಿ ಮಕ್ಕಳ ಎತ್ತರ, ತೂಕ ಬರೆಯುವ ಪುಸ್ತಕ ಉಂಟಲ್ಲ, ಅದನ್ನು ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ಅಂದಾಜಿಗೆ ತುಂಬಿಸಬೇಡಿ. ಮಗುವನ್ನು ಗೋಡೆಗೆ ನಿಲ್ಲಿಸಿ, ಅಳೆದು ಬರೆಯಿರಿ. ಮುಂದಿನ ವರ್ಷ ಪೊಳಲಿ ಚೆಂಡಿನ ಹೊತ್ತಿಗೆ ಮತ್ತೊಮ್ಮೆ ಅಳೆಯಿರಿ. ಯಾರ ಮನೆಯ ಮಗು ಎಷ್ಟು ಬೆಳೆಯಿತು, ಯಾರದು ನಿಂತಲ್ಲೇ ನಿಂತಿತು ಎಂಬ ಆ ಎರಡು ಸಾಲು ನಮಗೆ ಬರೆದು ಕಳಿಸಿದರೆ ಸುರಥನ ಕಥೆಯ ಪಕ್ಕದಲ್ಲಿಟ್ಟು ಓದುತ್ತೇವೆ.