ಹೆಣ, ಘಟ, ತಿಥಿ: ಒರೆಗಲ್ಲಿಗೆ ಬಂದ ಮೂರು ಕನ್ನಡ ಚಿತ್ರಗಳು

ಡಿಸೆಂಬರ್ ಬಂತೆಂದರೆ ಚೆನ್ನೈ ನಗರದಲ್ಲಿ ಎರಡು ಬಗೆಯ ಜನ ಕಚೇರಿಗೆ ರಜೆ ಹಾಕುತ್ತಾರೆ. ಸಭೆಯಿಂದ ಸಭೆಗೆ ಕಛೇರಿ ಕೇಳುತ್ತ ತಿರುಗುವ ಸಂಗೀತಪ್ರಿಯರು ಒಂದು ಬಗೆ. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು, ಬೆಳಗಿನ ಆಟದಿಂದ ರಾತ್ರಿಯ ಆಟದವರೆಗೆ ಪರದೇಶದ ಚಿತ್ರಗಳನ್ನು ನೋಡುವವರು ಇನ್ನೊಂದು ಬಗೆ. ನಾನು ಎರಡನೆಯ ಗುಂಪಿನವನು. ಇಂಡೋ ಸಿನಿ ಅಪ್ರಿಸಿಯೇಷನ್ ಫೌಂಡೇಷನ್ 2003ರಲ್ಲಿ ಆರಂಭಿಸಿದ ಚೆನ್ನೈ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆಂದು ನಾಲ್ಕಾರು ದಿನದ ರಜೆ ಉಳಿಸಿಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಉತ್ಸವ ಮುಗಿದ ಮೇಲೆ ಸಂಘದಲ್ಲಿ ಸೇರಿದಾಗ ಹಿರಿಯರೊಬ್ಬರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಏನ್ರೀ, ಸ್ಪರ್ಧೆಯಲ್ಲಿ ನಮ್ಮ ಕನ್ನಡ ಚಿತ್ರ ಇತ್ತೇ?" ಇರಲಿಲ್ಲ ಎಂದರೆ ಅವರಿಗೆ ಬೇಸರ. ಇಲ್ಲಿಯ ಉತ್ಸವದಲ್ಲಿ ಸ್ಪರ್ಧೆಯೆಂಬುದು ತಮಿಳು ಕಥಾಚಿತ್ರಗಳಿಗೆ. ಕನ್ನಡ ಚಿತ್ರ ಬಂದರೆ ಭಾರತೀಯ ಚಿತ್ರಗಳ ಸಾಲಿನಲ್ಲಿ ಅತಿಥಿಯಾಗಿ ಬರುತ್ತದೆ. ಇದರಲ್ಲಿ ಅನ್ಯಾಯವೇನೂ ನನಗೆ ಕಾಣದು. 2006ರಲ್ಲಿ ಆರಂಭವಾದ ಬೆಂಗಳೂರಿನ ಉತ್ಸವದಲ್ಲಿ ಕನ್ನಡ ಚಿತ್ರಗಳಿಗೇ ಮೀಸಲಾದ ಸ್ಪರ್ಧೆ ಉಂಟಷ್ಟೆ. ಆದರೆ ಹಿರಿಯರ ಪ್ರಶ್ನೆ ನನ್ನನ್ನು ಬೇರೊಂದು ಯೋಚನೆಗೆ ಹಚ್ಚಿತು. ಒಂದು ಚಿತ್ರ ಸ್ಪರ್ಧೆಗೆ ಹೋಗುವುದೆಂದರೆ ಏನು? ಹೋಗಿ ಗೆದ್ದರೆ ನಮಗೆ ಬರುವುದೇನು?

ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಅಲ್ಲಿಂದ ಮದರಾಸಿಗೂ ಬಂತು. ಅದರಲ್ಲಿ ಸ್ಪರ್ಧೆ ಇರಲಿಲ್ಲ. ಡಿ ಸಿಕಾನ 'ಬೈಸಿಕಲ್ ಥೀವ್ಸ್' ಚಿತ್ರವನ್ನು ನಮ್ಮವರು ಕಂಡದ್ದು ಆ ಉತ್ಸವದಲ್ಲಿ; ಅದರ ಪ್ರಭಾವಕ್ಕೆ ಯಾವ ಪದಕವೂ ಬೇಕಾಗಲಿಲ್ಲ. ಸ್ಪರ್ಧೆ ಬಂದದ್ದು 1965ರ ದೆಹಲಿ ಉತ್ಸವದಲ್ಲಿ. ಮೊದಲ ಸ್ವರ್ಣ ಮಯೂರ ಪ್ರಶಸ್ತಿ ಲೆಸ್ಟರ್ ಜೇಮ್ಸ್ ಪೆರಿಸ್ ಅವರ 'ಗಂಪೆರಳಿಯ' ಎಂಬ ಸಿಂಹಳ ಚಿತ್ರಕ್ಕೆ ಸಂದಿತು. ದೊಡ್ಡ ದೊಡ್ಡ ಭಾಷೆಗಳ ನಡುವೆ ಒಂದು ಪುಟ್ಟ ದ್ವೀಪದ ಭಾಷೆ ಗೆದ್ದಿತೆಂಬುದನ್ನು ನಾವು ನೆನೆಯಬೇಕು. ಮುಂದೆ 1978ರಲ್ಲಿ ಮದರಾಸಿನಲ್ಲೂ 1980ರಲ್ಲಿ ಬೆಂಗಳೂರಿನಲ್ಲೂ ನಡೆದ ಉತ್ಸವಗಳು ಸ್ಪರ್ಧೆಯಿಲ್ಲದವು. ಸ್ಪರ್ಧೆ ಇದ್ದರೂ ಇಲ್ಲದಿದ್ದರೂ ಒಳ್ಳೆಯ ಚಿತ್ರ ಒಳ್ಳೆಯ ಚಿತ್ರವೇ. ಸ್ಪರ್ಧೆ ಮಾಡುವ ಉಪಕಾರ ಒಂದೇ: ನಮ್ಮನ್ನು ಅರಿಯದವರ ಕೈಗೆ ತಕ್ಕಡಿ ಕೊಡುತ್ತದೆ. ನಮ್ಮ ಊರು, ಜಾತಿ, ನಟರ ಅಭಿಮಾನ ಇವುಗಳ ಭಾರ ಅವರ ತಕ್ಕಡಿಯಲ್ಲಿ ಇರುವುದಿಲ್ಲ.

ಅಂತಹ ತಕ್ಕಡಿಗಳಲ್ಲಿ ಒಂದು ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊ ಉತ್ಸವ. 1972ರಲ್ಲಿ ಅಲ್ಲಿ ಕಂಚಿನ ಚಿರತೆ ಪ್ರಶಸ್ತಿ ಪಡೆದದ್ದು ನಮ್ಮ 'ಸಂಸ್ಕಾರ'. ನಲವತ್ತಮೂರು ವರ್ಷಗಳ ಬಳಿಕ, 2015ರಲ್ಲಿ, ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆಯನ್ನೂ ಅತ್ಯುತ್ತಮ ಮೊದಲ ಚಿತ್ರದ ಪ್ರಶಸ್ತಿಯನ್ನೂ ಪಡೆದದ್ದು 'ತಿಥಿ'. ಒಂದರ ಕತೆ ಹೆಣ ಸುಡುವವರು ಯಾರು ಎಂಬುದು. ಇನ್ನೊಂದರದು ಹನ್ನೊಂದನೆಯ ದಿನದ ಊಟ. ಇವೆರಡರ ನಡುವೆ, 1977ರ ಸ್ವರ್ಣಕಮಲ ಪಡೆದ 'ಘಟಶ್ರಾದ್ಧ'. ಅದರ ಹೆಸರೇ ಶ್ರಾದ್ಧ. ಈ ಮೂರನ್ನು ಒಟ್ಟಿಗೆ ಇಟ್ಟಾಗ ನಮ್ಮಲ್ಲಿ ಕೆಲವರು ಹೇಳುವ ಮಾತು: "ಪ್ರಶಸ್ತಿ ಬೇಕಾದರೆ ಸೂತಕ ತೋರಿಸಬೇಕು. ಬಿಳಿಯರಿಗೆ ನಮ್ಮ ಕರ್ಮಕಾಂಡವೆಂದರೆ ಕೌತುಕ." ಈ ಆಪಾದನೆಯನ್ನು ತಳ್ಳಿಹಾಕುವ ಮುನ್ನ ಚಿತ್ರಗಳನ್ನೇ ನೋಡೋಣ.

'ಸಂಸ್ಕಾರ' ಒಂದು ರೀತಿಯಲ್ಲಿ ಮದರಾಸಿನ ಚಿತ್ರ. ನುಂಗಂಬಾಕ್ಕಂಗೆ ಅಂಟಿಕೊಂಡಿರುವ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ದಶಕಗಳ ಕಾಲ ತಯಾರಾದವು. ಇದು ಆ ಜಾತಿಯದಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿ. ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರು ಮದರಾಸ್ ಪ್ಲೇಯರ್ಸ್ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. ಚಿತ್ರಕತೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದ ಗಿರೀಶ ಕಾರ್ನಾಡರು ಆ ಕಾಲದಲ್ಲಿ ಇಲ್ಲಿಯ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿಯಲ್ಲಿದ್ದವರು. ಕಲಾನಿರ್ದೇಶನ ಚೋಳಮಂಡಲದ ಎಸ್. ಜಿ. ವಾಸುದೇವ್ ಅವರದು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಇವರೆಲ್ಲ ಶೃಂಗೇರಿಯ ಬಳಿಯ ವೈಕುಂಠಪುರಕ್ಕೆ ಹೋಗಿ, ಅನಂತಮೂರ್ತಿಯವರ ಕಾದಂಬರಿಯ ಅಗ್ರಹಾರವನ್ನು ಕಪ್ಪು ಬಿಳುಪಿನಲ್ಲಿ ಎಬ್ಬಿಸಿದರು. ಊರು ಬಿಟ್ಟು ಬಂದವರೂ ಪರಭಾಷಿಕರೂ ಸೇರಿ ಕನ್ನಡಕ್ಕೆ ಹೊಸ ಚಿತ್ರಮಾರ್ಗ ತೆರೆದರೆಂಬುದು ನಮ್ಮಂಥ ಹೊರನಾಡಿಗರಿಗೆ ಹೆಮ್ಮೆಯ ಮಾತು. ಮದರಾಸಿನ ಸೆನ್ಸಾರಿನವರು ಇದನ್ನು ನಿಷೇಧಿಸಿದ್ದೂ ಅಷ್ಟೇ ನಿಜ. ಕೇಂದ್ರ ಸರ್ಕಾರ ನಿಷೇಧ ತೆಗೆದ ಮೇಲೆ ಅದೇ ಚಿತ್ರಕ್ಕೆ 1970ರ ಸ್ವರ್ಣಕಮಲ ಬಂತು. ಸೆನ್ಸಾರ್ ಕಚೇರಿ ಮುಂದೆ ಬಹುಕಾಲ ನಡೆದದ್ದು ಇಲ್ಲಿಯೇ ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನದಲ್ಲಿ. ಆ ಕಟ್ಟಡದ ಮುಂದೆ ನಡೆದು ಹೋಗುವಾಗಲೆಲ್ಲ, ಒಂದು ಕಡತದ ಮೇಲೆ ಬರೆದ ಎರಡು ಸಾಲು ಎಷ್ಟು ಕೆಲಸ ಕೆಡಿಸಬಲ್ಲುದೆಂದು ನನಗೆ ಅನಿಸುವುದುಂಟು.

ಚಿತ್ರದ ಮೊದಲರ್ಧ ಇಂದಿಗೂ ಗಟ್ಟಿ. ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಏಳುವವರೆಗೆ ಅಗ್ರಹಾರದಲ್ಲಿ ಒಲೆ ಉರಿಯುವಂತಿಲ್ಲ. ಧರ್ಮಸೂಕ್ಷ್ಮದ ಚರ್ಚೆ ಮತ್ತು ಹೊಟ್ಟೆಯ ಹಸಿವು ಒಂದೇ ಮುಖದಲ್ಲಿ ಕಾಣುವುದನ್ನು ಕ್ಯಾಮರಾ ಹಿಡಿಯುತ್ತದೆ. ಶಾಸ್ತ್ರದ ಗ್ರಂಥಗಳು ಉತ್ತರ ಕೊಡುವುದಿಲ್ಲ. ಕೊನೆಗೆ ಹೆಣಕ್ಕೆ ದಾರಿ ಕಾಣಿಸುವವಳು ಚಂದ್ರಿ. ಉತ್ತರಾರ್ಧದಲ್ಲಿ ಪ್ರಾಣೇಶಾಚಾರ್ಯರ ಒಳತೋಟಿಯನ್ನು ತೋರಿಸುವಾಗ ಮಾತ್ರ ಚಿತ್ರ ಏದುಸಿರು ಬಿಡುತ್ತದೆ. ಕಾದಂಬರಿ ಮನಸ್ಸಿನೊಳಗೆ ಹೇಳುವುದನ್ನು ಮುಖ ಒಂದೇ ಹೇಳಲಾರದು. ಕೆಲವು ನಟರ ಬಾಯಲ್ಲಿ ಪೇಟೆಯ ಕನ್ನಡ ಇಣುಕುತ್ತದೆಂಬುದನ್ನೂ ಹೇಳಬೇಕು. ಲೊಕಾರ್ನೊದವರಿಗೆ ಇದು ತಿಳಿಯದು, ನಮಗೆ ತಿಳಿಯುತ್ತದೆ.

ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ 'ಘಟಶ್ರಾದ್ಧ' ಕೂಡ ಅನಂತಮೂರ್ತಿಯವರ ಕತೆಯಿಂದ ಬಂದದ್ದು. ಘಟಶ್ರಾದ್ಧವೆಂದರೆ ಬದುಕಿರುವವರನ್ನು ಸತ್ತರೆಂದು ತಿಳಿದು, ಮಡಕೆ ಒಡೆದು, ಸಂಬಂಧ ಕಡಿದುಕೊಳ್ಳುವ ಕರ್ಮ. ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಕ್ಕ ಬಸಿರಾಗುತ್ತಾಳೆ. ತಂದೆಯೇ ಅವಳ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ಕಾಣುವುದು ಪಾಠಕ್ಕೆಂದು ಬಂದು ಅವಳ ಮಡಿಲಿಗೆ ಅಂಟಿಕೊಂಡ ನಾಣಿ ಎಂಬ ಹುಡುಗನ ಕಣ್ಣಿನಲ್ಲಿ. ಹುಡುಗನಿಗೆ ಎಷ್ಟು ಅರ್ಥವಾಯಿತೋ ಅಷ್ಟನ್ನೇ ಚಿತ್ರ ತೋರಿಸುತ್ತದೆ. ಉಳಿದದ್ದು ನಮ್ಮ ಎದೆಯಲ್ಲಿ ಬೆಳೆಯುತ್ತದೆ. ಇಲ್ಲಿ ಭಾಷಣವಿಲ್ಲ. ತಲೆ ಬೋಳಿಸಿದ ಯಮುನಕ್ಕ ಮರದ ಬುಡದಲ್ಲಿ ಕುಳಿತ ಕೊನೆಯ ನೋಟವನ್ನು ಕಂಡವರು ಮರೆಯಲಾರರು. ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ. ವಿ. ಕಾರಂತರ ಸಂಗೀತ ಎರಡೂ ಎಷ್ಟು ಬೇಕೋ ಅಷ್ಟೇ. ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮುಂತಾದವರು ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ಉತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ತೋರಿಸಿದರು. ನಲವತ್ತೇಳು ವರ್ಷ ಕಳೆದರೂ ಅದು ನಿಂತಿತು.

ಇನ್ನು ರಾಮ್ ರೆಡ್ಡಿಯವರ 'ತಿಥಿ'. ಮಂಡ್ಯ ಸೀಮೆಯ ಹಳ್ಳಿ. ಪಾತ್ರಧಾರಿಗಳೆಲ್ಲ ಆ ಕಡೆಯ ಹಳ್ಳಿಗರೇ, ಒಬ್ಬರೂ ಕಸುಬಿನ ನಟರಲ್ಲ. ರಾಮ್ ರೆಡ್ಡಿಯವರ ಜೊತೆ ಕೂಡಿ ಇದನ್ನು ಬರೆದ ಈರೇಗೌಡರ ಕಿವಿ ಎಂಥದೆಂಬುದು ಮೊದಲ ಬೈಗುಳದಲ್ಲೇ ಗೊತ್ತಾಗುತ್ತದೆ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನು ಬೈಯುತ್ತ ಕುಳಿತವನು ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಬ್ರಾಂದಿ, ಬೀಡಿ, ಹೊಲದ ಬದುವಿನ ಮೇಲೆ ನಡಿಗೆ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಹೆಸರಿನಲ್ಲಿರುವ ಐದು ಎಕರೆ ಬೇಕು. ಅದಕ್ಕಾಗಿ ಅವನು ಮಾಡುವುದೇನು? ಬದುಕಿರುವ ಅಪ್ಪನ ಹೆಸರಿನಲ್ಲಿ ಮರಣದ ಸರ್ಟಿಫಿಕೇಟ್ ಮಾಡಿಸಿ, ಅಪ್ಪನನ್ನು ಊರು ಬಿಡಿಸುತ್ತಾನೆ.

ಇಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಇಪ್ಪತ್ತು ವರ್ಷ ಅರ್ಜಿ, ದಾಖಲೆ, ಮೊಹರು ಇವುಗಳ ನಡುವೆ ಬಾಳಿದವನಿಗೆ ಆ ಹಾಳೆಯ ಅರ್ಥ ಚೆನ್ನಾಗಿ ಗೊತ್ತು. ಇದೂ ಘಟಶ್ರಾದ್ಧವೇ! ಉಡುಪರು ಮಂತ್ರ ಹೇಳಿ ಮಗಳನ್ನು ಸಾಯಿಸಿದರು. ತಮ್ಮಣ್ಣ ಲಂಚ ಕೊಟ್ಟು ಅಪ್ಪನನ್ನು ಸಾಯಿಸುತ್ತಾನೆ. ಮಡಕೆಯ ಜಾಗಕ್ಕೆ ರಬ್ಬರ್ ಸ್ಟಾಂಪು ಬಂದಿದೆ. 1977ರಲ್ಲಿ ಅಳಿಸಿದ್ದು 2015ರಲ್ಲಿ ನಗಿಸುತ್ತದೆ, ನಗು ಮುಗಿದ ಮೇಲೆ ಗಂಟಲಲ್ಲಿ ಉಳಿಯುತ್ತದೆ. ರಾತ್ರಿ ಕುರಿಗಾಹಿಗಳ ಬೆಂಕಿಯ ಮುಂದೆ ಗಡ್ಡಪ್ಪ ತನ್ನ ಕತೆ ಹೇಳುವ ದೃಶ್ಯ, ಈ ಮನುಷ್ಯ ಏಕೆ ಎಲ್ಲವನ್ನೂ ಬಿಟ್ಟು ನಡೆಯುತ್ತಾನೆಂಬುದನ್ನು ಒಂದೇ ಉಸಿರಿಗೆ ತಿಳಿಸುತ್ತದೆ. ದೋಷವಿಲ್ಲದಿಲ್ಲ. ಹುಡುಗ ಅಭಿಯ ಪ್ರೇಮಪ್ರಸಂಗ ತುಸು ಎಳೆದಂತಾಗಿದೆ. ಹೆಂಗಸರಿಗೆ ಈ ಚಿತ್ರದಲ್ಲಿ ಜಾಗ ಸಾಲದು. ಚಂದ್ರಿಯೋ ಯಮುನಕ್ಕನೋ ಇಲ್ಲಿ ಇಲ್ಲ.

ಈಗ ಆಪಾದನೆಗೆ ಬರೋಣ. ಕರ್ಮಕಾಂಡದ ಕೌತುಕವೇ ಈ ಚಿತ್ರಗಳ ಬಂಡವಾಳವಾಗಿದ್ದರೆ, ಅವು ಕರ್ಮವನ್ನು ವಿಸ್ತಾರವಾಗಿ ತೋರಿಸಬೇಕಿತ್ತು. ತೋರಿಸುವುದಿಲ್ಲ. ಮೂರೂ ಕೇಳುವುದು ಒಂದೇ ಪ್ರಶ್ನೆ: ಇವನು ನಮ್ಮವನು, ಇವಳು ನಮ್ಮವಳು ಎಂದು ತೀರ್ಮಾನಿಸುವವರು ಯಾರು? ನಾರಣಪ್ಪ ಬ್ರಾಹ್ಮಣನೇ ಅಲ್ಲವೇ, ಯಮುನಕ್ಕ ಮಗಳೇ ಅಲ್ಲವೇ, ಗಡ್ಡಪ್ಪ ಬದುಕಿದ್ದಾನೆಯೇ ಇಲ್ಲವೇ. ಇದು ಸ್ವಿಟ್ಜರ್‌ಲ್ಯಾಂಡಿನವರಿಗೂ ಅರ್ಥವಾಗುವ ಪ್ರಶ್ನೆ. ಸೂತಕವೇ ಗೆಲುವಿನ ಗುಟ್ಟಲ್ಲವೆಂಬುದಕ್ಕೆ ಈಚಿನ ಸಾಕ್ಷಿಯೂ ಉಂಟು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯಕರ ಕಿರುಚಿತ್ರ, ಊರಿನ ಹುಂಜವನ್ನು ಮುದುಕಿ ಕದ್ದೊಯ್ದು ಸೂರ್ಯನೇ ಹುಟ್ಟದಂತಾದ ಜನಪದ ಕತೆಯದು. ನಟೇಶ್ ಹೆಗಡೆಯವರ 'ಪೆಡ್ರೊ' 2021ರಲ್ಲಿ ಬುಸಾನಿಗೆ ಹೋಯಿತು. ಅವರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ನಿಗೆ ಹೋಯಿತು.

ಮೂರರಲ್ಲಿ ಯಾವುದಕ್ಕೆ ನನ್ನ ಮತ ಎಂದರೆ, 'ಘಟಶ್ರಾದ್ಧ'ಕ್ಕೆ. 'ಸಂಸ್ಕಾರ' ಧೈರ್ಯದಲ್ಲಿ ದೊಡ್ಡದು, 'ತಿಥಿ' ಜೀವಂತಿಕೆಯಲ್ಲಿ ದೊಡ್ಡದು; ತಾನು ಹೇಳಹೊರಟದ್ದನ್ನು ಪೂರ್ತಿ ಹೇಳಿ, ಹೆಚ್ಚು ಹೇಳದೆ ನಿಂತದ್ದು ಅದೊಂದೇ.

ಕಡೆಯದಾಗಿ ಒಂದು ಮನೆಯ ಮಾತು. 'ತಿಥಿ'ಯನ್ನು ಮಗಳ ಜೊತೆ ಕುಳಿತು ನೋಡಿದೆ. ನಾನು ನಕ್ಕ ಎರಡು ಗಳಿಗೆಯ ಮೇಲೆ ಅವಳು ನಗುತ್ತಿದ್ದಳು. ಏಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ನೋಡಿದರೆ ಅವಳ ಕಣ್ಣು ತೆರೆಯ ಕೆಳಗಿನ ಇಂಗ್ಲಿಷ್ ಅಡಿಬರಹದ ಮೇಲಿತ್ತು. ಮನೆಯಲ್ಲಿ ಕನ್ನಡವನ್ನೇ ಆಡುವ ಹುಡುಗಿಗೆ ಮಂಡ್ಯದ ಕನ್ನಡ ಲೊಕಾರ್ನೊದವರಿಗೆ ತಲುಪಿದ ದಾರಿಯಲ್ಲೇ ತಲುಪಿತು. ತಪ್ಪು ಅವಳದಲ್ಲ, ಹಬ್ಬಕ್ಕೊಮ್ಮೆ ಊರಿಗೆ ಕರೆದೊಯ್ಯದ ನನ್ನದು. ಚಿತ್ರ ಮುಗಿದ ಮೇಲೆ ಅವಳು ಕೇಳಿದಳು: "ಅಪ್ಪಾ, ಆ ಮುದುಕಪ್ಪ ಬದುಕಿದಾನೆ ಅಂತ ಊರಿಗೆಲ್ಲ ಗೊತ್ತಿತ್ತಲ್ಲ, ಯಾಕೆ ಯಾರೂ ಹೇಳ್ಲಿಲ್ಲ?" ಯಾವ ತೀರ್ಪುಗಾರರೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿರಲಾರರು.

ನಮ್ಮ ಸಂಘ ರಾಜ್ಯೋತ್ಸವಕ್ಕೆ ವರ್ಷವೂ ತಾರೆಯರ ಚಿತ್ರವೊಂದನ್ನು ತೋರಿಸುತ್ತದೆ, ತೋರಿಸಲಿ. ಅದರ ಜೊತೆಗೆ ತಿಂಗಳಿಗೊಂದರಂತೆ ಈ ಮೂರು ಚಿತ್ರಗಳನ್ನೂ ತೋರಿಸಬಾರದೇಕೆ? ನುಂಗಂಬಾಕ್ಕಂನಲ್ಲಿ ಅಲಿಯಾನ್ಸ್ ಫ್ರಾನ್ಸೇಸ್, ಮ್ಯಾಕ್ಸ್ ಮುಲ್ಲರ್ ಭವನದವರು ತಮ್ಮ ಭಾಷೆಯ ಚಿತ್ರಗಳನ್ನು ನಮಗೆ ತೋರಿಸುತ್ತಾರೆ. ನಮ್ಮ ಭಾಷೆಯ ಚಿತ್ರಗಳನ್ನು ನಮ್ಮ ಮಕ್ಕಳಿಗೆ ತೋರಿಸುವ ಕೆಲಸ ನಮ್ಮದು. ಚಿತ್ರವಾದ ಮೇಲೆ ಅರ್ಧ ಗಂಟೆ ಹಿರಿಯರೂ ಮಕ್ಕಳೂ ಕುಳಿತು ಮಾತಾಡಲಿ; ಘಟವೆಂದರೇನು, ಬದು ಎಂದರೇನು, ಆ ಬೈಗುಳದ ಅರ್ಥವೇನು ಎಂದು ಮಕ್ಕಳು ಕೇಳಲಿ. ಬೈಗುಳದ ಅರ್ಥ ಹೇಳುವುದು ತುಸು ಕಷ್ಟವಾದೀತು. ಆ ಭಾರವನ್ನು, ಸ್ಪರ್ಧೆಯಲ್ಲಿ ಕನ್ನಡ ಇತ್ತೇ ಎಂದು ಕೇಳುವ ನಮ್ಮ ಹಿರಿಯರಿಗೇ ಒಪ್ಪಿಸೋಣ.